ಡಬ್ಬಿಯ ಮೇಲಿನ ಬಿಳಿ ಹುಡುಗಿ

ರಾಜ್ಯೋತ್ಸವಕ್ಕೋ ದೀಪಾವಳಿಗೋ ನಮ್ಮ ಕನ್ನಡ ಸಂಘಗಳ ಮಹಿಳಾ ವಿಭಾಗದವರು ಸಭಾಗೃಹದ ಹೊರಗೆ ಮಾರಾಟದ ಮೇಜುಗಳನ್ನು ಹಾಕುವುದು ಮುಂಬಯಿ, ಪುಣೆಗಳ ಓದುಗರಿಗೆಲ್ಲ ಪರಿಚಿತವಾದ ನೋಟ. ಚಕ್ಕುಲಿ, ಚಟ್ನಿಪುಡಿ, ಹಪ್ಪಳಗಳ ಪಕ್ಕದಲ್ಲಿ ಕೆಲವು ವರ್ಷಗಳಿಂದ ಇನ್ನೊಂದು ಬಗೆಯ ಸರಕು ಜಾಗ ಹಿಡಿದಿದೆ: ಮನೆಯಲ್ಲೇ ಕಾಯಿಸಿದ ದಾಸವಾಳದ ಎಣ್ಣೆ, ಸೀಗೆಪುಡಿ, ಕಡಲೆಹಿಟ್ಟು ಕಸ್ತೂರಿ ಅರಿಶಿನ ಬೆರೆಸಿದ ಮೈಪುಡಿ, ಹರಳೆಣ್ಣೆಯ ದೀಪದಿಂದ ತೆಗೆದ ಕಾಡಿಗೆ, ಕೊಬ್ಬರಿ ಎಣ್ಣೆಯ ಸಾಬೂನು. ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ, ಗಂಡ ಲೋಕಲ್ ಹಿಡಿದು ಹೋದ ಮೇಲೆ, ಮಕ್ಕಳು ಶಾಲೆಯಿಂದ ಬರುವ ಮೊದಲು ಸಿಗುವ ನಾಲ್ಕು ಗಂಟೆಗಳಲ್ಲಿ ನಮ್ಮ ಸೋದರಿಯರು ಇದನ್ನೆಲ್ಲ ಮಾಡುತ್ತಾರೆ. ಊರಿನಲ್ಲಿ ಅಜ್ಜಿ ಕೈಯಿಂದ ಕಲಿತ ವಿದ್ಯೆ ಪರಊರಿನಲ್ಲಿ ನಾಲ್ಕು ಕಾಸು ತರುತ್ತಿದೆ. ಇದು ಅಭಿಮಾನಪಡಬೇಕಾದ ವಿಷಯವೆಂಬುದರಲ್ಲಿ ಎರಡು ಮಾತಿಲ್ಲ.

ನನ್ನ ತಕರಾರು ಸರಕಿನದಲ್ಲ. ಸರಕಿನ ಮೇಲೆ ಅಂಟಿಸಿದ ಚಿತ್ರದ್ದು. ವ್ಯಾಪಾರ ಸ್ವಲ್ಪ ಕುದುರಿತೆಂದರೆ ಸಾಕು, ಹಿತೈಷಿಗಳು ಮುತ್ತಿಕೊಂಡು ಹೇಳುವ ಮೊದಲ ಮಾತು, “ಇದಕ್ಕೊಂದು ಮ್ಯಾಸ್ಕಾಟ್ ಮಾಡಿಸಿ.” ಅಂದರೆ ಕಾರ್ಟೂನು ಮಾದರಿಯ ಒಂದು ಗೊಂಬೆ, ಡಬ್ಬಿಯ ಮೇಲೆ, ಚೀಲದ ಮೇಲೆ, ವಾಟ್ಸಾಪಿನಲ್ಲಿ ಕಳಿಸುವ ಚಿತ್ರದ ಮೇಲೆ ಎಲ್ಲೆಲ್ಲೂ ಒಂದೇ ರೂಪದಲ್ಲಿ ಕಾಣಿಸಿಕೊಂಡು “ಇದು ಇಂಥವರ ಸರಕು” ಎಂದು ಸಾರುವ ಗೊಂಬೆ. ನಾನು ಇದನ್ನು ಗುರುತುಗೊಂಬೆ ಎಂದು ಕರೆಯುತ್ತೇನೆ. ಸಲಹೆಯೇನೋ ಒಳ್ಳೆಯದೇ. ಆದರೆ ಆ ಗೊಂಬೆ ಹೇಗಿರಬೇಕು ಎಂದು ಕೇಳಿದರೆ ಹತ್ತರಲ್ಲಿ ಎಂಟು ಮಂದಿಯ ಉತ್ತರ ಒಂದೇ: ಕೆನ್ನೆ ಕೆಂಪಗೆ, ಕಣ್ಣು ಅಗಲಕ್ಕೆ, ಮೈ ಹಾಲಿನ ಹಾಗೆ ಬೆಳ್ಳಗಿರುವ ಒಬ್ಬ ಪುಟ್ಟ ಹುಡುಗಿ. ಸೀರೆಯುಟ್ಟರೂ ಸರಿ, ಲಂಗ ತೊಟ್ಟರೂ ಸರಿ, ಬಣ್ಣ ಮಾತ್ರ ಬಿಳುಪೇ ಆಗಿರಬೇಕು. ಈ ಬಿಳಿ ಹುಡುಗಿಯನ್ನು ನಮ್ಮ ಮೇಜುಗಳ ಮೇಲಿಂದ ಇಳಿಸಬೇಕು ಎಂಬುದು ನನ್ನ ವಾದ. ಗೊಂಬೆಯೇ ಬೇಡವೆಂದಲ್ಲ, ಆ ಗೊಂಬೆ ಬೇಡ.

ಮೊದಲಿಗೆ, ಗೊಂಬೆ ಏಕೆ ಬೇಕು ಎಂಬುದನ್ನು ನೋಡೋಣ. ಅಕ್ಷರ ಬಾರದ ಗಿರಾಕಿಗೂ ಸರಕಿನ ಗುರುತು ಸಿಗಲಿ ಎಂದು ನಮ್ಮ ದೇಶದ ವ್ಯಾಪಾರಿಗಳು ಹಿಂದಿನಿಂದಲೂ ಚಿತ್ರವನ್ನೇ ನಂಬಿದವರು. ಬೆಂಕಿಪೊಟ್ಟಣ, ಬೀಡಿಕಟ್ಟು, ಬಟ್ಟೆಯ ಥಾನು, ಎಲ್ಲದಕ್ಕೂ ಒಂದೊಂದು ಮಾರ್ಕು. ಹಳ್ಳಿಯ ಅಂಗಡಿಯಲ್ಲಿ “ಕುದುರೆ ಮಾರ್ಕಿನದು ಕೊಡಿ, ಗಿಣಿ ಮಾರ್ಕಿನದು ಕೊಡಿ” ಎಂದು ಕೇಳುತ್ತಿದ್ದ ಜನರಿಗೆ ಕಂಪನಿಯ ಹೆಸರು ಗೊತ್ತಿರಬೇಕಾಗಿರಲಿಲ್ಲ. ಹೊರನಾಡಿನಲ್ಲಿರುವ ನಮಗೆ ಈ ಮಾರ್ಕಿನ ಅಗತ್ಯ ಇನ್ನೂ ಒಂದು ತೂಕ ಹೆಚ್ಚು. ನಮ್ಮ ಅಕ್ಕಂದಿರ ಎಣ್ಣೆ ಸಂಘದ ಅಂಗಳ ದಾಟಿ ಪಕ್ಕದ ಕಟ್ಟಡಕ್ಕೆ ಹೋಗಬೇಕಾದರೆ ಅಲ್ಲಿ ಕೊಳ್ಳುವವರು ಮರಾಠಿಯವರು, ಗುಜರಾತಿಯವರು, ಸಿಂಧಿಗಳು. ಡಬ್ಬಿಯ ಮೇಲೆ ಕನ್ನಡದಲ್ಲಿ ಎಷ್ಟು ಚೆನ್ನಾಗಿ ಬರೆದರೂ ಅವರಿಗೆ ಅದು ಸುಂದರವಾದ ಸುರುಳಿ ಮಾತ್ರ. ಚಿತ್ರಕ್ಕೆ ಲಿಪಿಯ ಗಡಿಯಿಲ್ಲ.

ಈ ಮುಂಬಯಿ ನಗರವೇ ಗುರುತುಗೊಂಬೆಗಳ ತವರುಮನೆ. ಏರ್ ಇಂಡಿಯಾದ ಮಹಾರಾಜ ಹುಟ್ಟಿದ್ದು 1946ರಲ್ಲಿ. ಕಲ್ಪನೆ ಆ ಸಂಸ್ಥೆಯ ಬಾಬಿ ಕೂಕಾ ಅವರದು, ರೇಖೆ ಜಾಹೀರಾತು ಸಂಸ್ಥೆಯ ಕಲಾವಿದ ಉಮೇಶ ರಾವ್ ಅವರದು. ಏಷ್ಯನ್ ಪೇಂಟ್ಸಿನ ಗಟ್ಟು 1954ರಲ್ಲಿ ಹುಟ್ಟಿದ. ಕೈಯಲ್ಲಿ ಬಣ್ಣದ ಡಬ್ಬಿ, ಬ್ರಷ್ಷು, ಹಣೆಯ ಮೇಲೆ ಜೋತುಬಿದ್ದ ಕೂದಲು. ಅವನನ್ನು ಬರೆದವರು ಮೈಸೂರಿನಲ್ಲಿ ಹುಟ್ಟಿ, ನಮ್ಮ ‘ಕೊರವಂಜಿ’ಯಲ್ಲಿ ಚಿತ್ರ ಬರೆದು, ಮುಂಬಯಿಗೆ ಬಂದು ನೆಲೆಸಿದ ಆರ್. ಕೆ. ಲಕ್ಷ್ಮಣ್. ಬೆಣ್ಣೆಯ ಅಮುಲ್ ಹುಡುಗಿ 1966ರವಳು. ಸಿಲ್ವೆಸ್ಟರ್ ಡಕುನ್ಹಾ ಅವರ ಯೋಚನೆ, ಯೂಸ್ಟೇಸ್ ಫರ್ನಾಂಡಿಸ್ ಅವರ ಚಿತ್ರ. 1959ರಲ್ಲಿ ಗಿರಗಾಂವಿನ ಒಂದು ಮಾಳಿಗೆಯ ಮೇಲೆ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲದಿಂದ ಆರಂಭಿಸಿದ ಲಿಜ್ಜತ್ ಪಾಪಡಕ್ಕೆ ದೂರದರ್ಶನದಲ್ಲಿ ಮನೆಮಾತು ತಂದುಕೊಟ್ಟದ್ದು ರಾಮದಾಸ ಪಾಧ್ಯೆ ಅವರ ಮಾತನಾಡುವ ಮೊಲದ ಗೊಂಬೆ.

ಈ ನಾಲ್ಕನ್ನೂ ಒಂದು ಸಾಲಿನಲ್ಲಿ ನಿಲ್ಲಿಸಿ ನೋಡಿ. ಮಹಾರಾಜ ಬಾಗಿ ಸ್ವಾಗತಿಸುತ್ತಾನೆ. ಗಟ್ಟು ಗೋಡೆಗೆ ಬಣ್ಣ ಬಳಿಯುತ್ತಾನೆ. ಅಮುಲ್ ಹುಡುಗಿ ಬೆಣ್ಣೆ ತಿಂದು ತುಂಟ ಮಾತಾಡುತ್ತಾಳೆ. ಮೊಲ ಹಪ್ಪಳ ಕಡಿಯುತ್ತದೆ. ಎಲ್ಲರೂ ಏನೋ ಒಂದು ಕೆಲಸ ಮಾಡುತ್ತಿದ್ದಾರೆ. ಬೆಣ್ಣೆ ತಿಂದರೆ ನೀವೂ ಅಮುಲ್ ಹುಡುಗಿಯಂತೆ ಆಗುತ್ತೀರಿ ಎಂದು ಯಾರೂ ತಿಳಿಯುವುದಿಲ್ಲ. ವಿಮಾನ ಹತ್ತಿದವನಿಗೆ ಮಹಾರಾಜನ ಮೀಸೆ ಬರುವುದಿಲ್ಲ. ಅಲ್ಲಿ ಗೊಂಬೆಯ ರೂಪ ಬೇರೆ, ಸರಕಿನ ಗುಣ ಬೇರೆ. ಗೊಂಬೆ ಬರಿಯ ಗುರುತು.

ಮುಖಕ್ಕೆ ಹಚ್ಚುವ ಸರಕಿನಲ್ಲಿ ಹಾಗಲ್ಲ. ಇಲ್ಲಿ ಮುಖವೇ ಸರಕಿನ ಫಲ. ಮೈಪುಡಿಯ ಡಬ್ಬಿಯ ಮೇಲೆ ಬಿಳಿ ಮುಖವನ್ನು ಬರೆದರೆ ಅದು ಗುರುತಾಗಿ ಉಳಿಯುವುದಿಲ್ಲ, ಆಶ್ವಾಸನೆಯಾಗಿಬಿಡುತ್ತದೆ: “ಇದನ್ನು ಹಚ್ಚಿ, ಹೀಗಾಗುವಿರಿ.” ಒಂದು ಅಕ್ಷರ ಬರೆಯದೆಯೂ ಆ ಮಾತು ಕೊಳ್ಳುವವಳಿಗೆ ಕೇಳಿಸುತ್ತದೆ. ಮೈಪುಡಿ ಮೈ ತೊಳೆಯುತ್ತದೆ, ಎಣ್ಣೆಯ ಜಿಡ್ಡು ತೆಗೆಯುತ್ತದೆ, ಕೊಂಚ ಹೊಳಪು ಕೊಡುತ್ತದೆ. ಅಷ್ಟನ್ನು ಪ್ರಾಮಾಣಿಕವಾಗಿ ಮಾಡುವ ಆ ಪುಡಿಯ ತಲೆಯ ಮೇಲೆ ಮಾಡದ ಕೆಲಸದ ಹೊಣೆಯನ್ನು ಈ ಬಿಳಿ ಹುಡುಗಿ ಹೇರುತ್ತಾಳೆ. ಇದು ನನ್ನ ವಾದದ ತಿರುಳು. ಉಳಿದದ್ದೆಲ್ಲ ಇದರ ವಿವರ.

ನಾನು ಮುಂಬಯಿಯ ಒಂದು ಅಚ್ಚುಕೂಟದಲ್ಲಿ ಹಲವು ವರ್ಷ ಬಣ್ಣದ ಕೆಲಸ ನೋಡಿಕೊಂಡವನು. ಡಬ್ಬಿ, ಲೇಬಲ್ಲುಗಳೇ ನಮ್ಮಲ್ಲಿ ಹೆಚ್ಚು. ನಾಲ್ಕು ಬಣ್ಣದ ಆಫ್‌ಸೆಟ್ ಮುದ್ರಣದಲ್ಲಿ ಮನುಷ್ಯರ ಚರ್ಮದ ಬಣ್ಣ ಬರುವುದು ಮುಖ್ಯವಾಗಿ ಹಳದಿ ಮತ್ತು ಮೆಜೆಂಟಾ ಶಾಯಿಗಳಿಂದ. ಅದಕ್ಕೆ ನೀಲಿ ಮತ್ತು ಕಪ್ಪು ಎಷ್ಟು ಸೇರುತ್ತದೆ ಎಂಬುದರ ಮೇಲೆ ಮುಖ ಗೋಧಿಬಣ್ಣವೋ, ಸಾದುಗಪ್ಪೋ, ಎಣ್ಣೆಗಪ್ಪೋ ಆಗುತ್ತದೆ. ಕ್ರೀಮು ಮಾಡುವ ಒಂದು ಸಂಸ್ಥೆಯ ಡಬ್ಬಿಯ ಪ್ರೂಫು ನಮ್ಮಿಂದ ಹೋಗಿ ಮೂರು ಸಲ ತಿರುಗಿ ಬಂತು. ಮೂರು ಸಲವೂ ಅಂಚಿನಲ್ಲಿ ಅದೇ ಸೂಚನೆ: ಮುಖ ಇನ್ನೂ ತಿಳಿಯಾಗಲಿ. ನೀಲಿ ತೆಗೆದೆವು, ಕಪ್ಪು ತೆಗೆದೆವು, ಕೊನೆಗೆ ಹಳದಿಯನ್ನೂ ಇಳಿಸಿದೆವು. ಡಬ್ಬಿಯ ಒಳಗಿನ ಕ್ರೀಮು ಮೂರು ಪ್ರೂಫುಗಳಲ್ಲಿಯೂ ಅದೇ ಆಗಿತ್ತು. ಬೆಳ್ಳಗಾದದ್ದು ಕ್ರೀಮಿನಿಂದಲ್ಲ, ಶಾಯಿ ಕಡಿಮೆ ಮಾಡಿದ್ದರಿಂದ. ಅದಾದಮೇಲೆ ಅಂಗಡಿಯಲ್ಲಿ ಇಂಥ ಡಬ್ಬಿ ಕಂಡಾಗಲೆಲ್ಲ ನನಗೆ ಕಾಣುವುದು ಸುಂದರಿಯ ಮುಖವಲ್ಲ, ಶಾಯಿ ಉಳಿಸಿದ ಕಾಗದ.

ದೊಡ್ಡ ಕಂಪನಿಗಳು ಈ ದಾರಿಯಲ್ಲಿ ಎಷ್ಟು ದೂರ ಹೋಗಿ ಎಲ್ಲಿಗೆ ಬಂದವು ಎಂಬುದೂ ನಮ್ಮ ಕಣ್ಣ ಮುಂದಿದೆ. ‘ಫೇರ್ ಅಂಡ್ ಲವ್ಲಿ’ ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಸುಮಾರು ನಲವತ್ತೈದು ವರ್ಷ, ಕಪ್ಪು ಹುಡುಗಿ ಬಿಳಿಯಾದ ಮೇಲೆ ನೌಕರಿ ಸಿಕ್ಕಿತು, ಗಂಡು ಸಿಕ್ಕಿತು ಎಂಬ ಕಥೆಯನ್ನು ಮನೆಮನೆಗೆ ಹೇಳಲಾಯಿತು. 2014ರಲ್ಲಿ ಜಾಹೀರಾತು ಉದ್ಯಮದವರದೇ ಆದ ಮಂಡಳಿ, ಬಣ್ಣದ ಕಾರಣಕ್ಕೆ ಯಾರನ್ನೂ ಕೀಳಾಗಿ, ಸೋತವರಂತೆ ತೋರಿಸಬಾರದೆಂದು ಸೂಚನೆ ಹೊರಡಿಸಬೇಕಾಯಿತು. 2020ರಲ್ಲಿ ಆ ಕಂಪನಿ ತನ್ನ ಕ್ರೀಮಿನ ಹೆಸರಿನಿಂದ ‘ಫೇರ್’ ಶಬ್ದವನ್ನೇ ತೆಗೆದು ‘ಗ್ಲೋ’ ಎಂದು ಹಾಕಿತು. ಕೋಟಿಗಟ್ಟಲೆ ಬಂಡವಾಳವಿದ್ದವರೇ ಈ ಮಾತನ್ನು ಡಬ್ಬಿಯ ಮೇಲಿಂದ ಕೆಳಗಿಳಿಸಿದ ಮೇಲೆ, ಅವರು ಬಿಸುಟ ಹಳೆಯ ಅಂಗಿಯನ್ನು ಹೆಕ್ಕಿ ತಂದು ನಮ್ಮ ಡೊಂಬಿವಲಿಯ ಅಕ್ಕ ತನ್ನ ಸೀಗೆಪುಡಿಗೆ ತೊಡಿಸಬೇಕೆ?

“ಎಲ್ಲ ಸರಿ, ಆದರೆ ಜನ ಬೆಳ್ಳಗಿನ ಮುಖವನ್ನೇ ಕೊಳ್ಳುತ್ತಾರೆ. ಸಮಾಜ ತಿದ್ದುವುದು ನಾಲ್ಕು ಡಬ್ಬಿ ಮಾರುವ ಹೆಂಗಸಿನ ಕೆಲಸವೇ?” ಎಂದು ಕೆಲವರು ಕೇಳುತ್ತಾರೆ. ತಳ್ಳಿಹಾಕುವ ಪ್ರಶ್ನೆಯಲ್ಲ. ಮನೆ ನಡೆಸಲು ವ್ಯಾಪಾರ ಮಾಡುವವಳಿಗೆ ಧರ್ಮೋಪದೇಶ ಮಾಡುವುದು ಸುಲಭ, ಅವಳ ಕಂತು ಕಟ್ಟುವುದು ಕಷ್ಟ. ಆದರೂ ವ್ಯಾಪಾರದ ಲೆಕ್ಕದಲ್ಲೇ ಉತ್ತರ ಹೇಳುತ್ತೇನೆ. ದೊಡ್ಡ ಕಂಪನಿಗೆ ಮುಖವಿಲ್ಲ; ಕೊಳ್ಳುವವರಿಗೆ ಮಾಡಿದವರು ಯಾರೆಂದು ತಿಳಿಯದು; ಆದ್ದರಿಂದ ಅದು ಒಂದು ಮುಖವನ್ನು ಬಾಡಿಗೆಗೆ ತರುತ್ತದೆ. ಕೈಯಲ್ಲಿ ಮಾಡುವವಳ ಬಂಡವಾಳವೇ ಬೇರೆ. “ಇದು ಮೂರನೆಯ ಮಾಳಿಗೆಯ ಅಕ್ಕ ಮಾಡಿದ್ದು, ಅವರ ಮನೆಯ ಮಕ್ಕಳ ತಲೆಗೂ ಇದನ್ನೇ ಹಚ್ಚುತ್ತಾರೆ” ಎಂಬ ನಂಬಿಕೆಯೇ ಅವಳ ಬಂಡವಾಳ. ಆ ಬಂಡವಾಳದ ಮೇಲೆ ದೊಡ್ಡ ಕಂಪನಿಯ ಬಿಳಿ ಹುಡುಗಿಯ ನಕಲನ್ನು ಅಂಟಿಸಿದರೆ ಕೊಳ್ಳುವವಳ ಮನಸ್ಸಿಗೆ ಬರುವುದು, “ಅಸಲೇ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವಾಗ ನಕಲಿಗೇಕೆ ಹೆಚ್ಚು ಕೊಡಲಿ?” ಎಂಬ ಪ್ರಶ್ನೆ. ನಮ್ಮ ಗೆಲುವಿರುವುದು ಅವರಲ್ಲಿ ಇಲ್ಲದ್ದನ್ನು ತೋರಿಸುವುದರಲ್ಲಿ.

ಇನ್ನು ಸಮಾಜದ ಮಾತು. ಅದನ್ನು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಏಕೆಂದರೆ ಆ ಮೇಜಿನ ಹಿಂದೆ ತಾಯಿಯ ಜೊತೆ ಚಿಲ್ಲರೆ ಎಣಿಸುತ್ತ ಕೂತಿರುವವಳು ನಮ್ಮದೇ ಮನೆಯ ಹನ್ನೆರಡು ವರ್ಷದ ಹುಡುಗಿ. ಅವಳ ಬಣ್ಣ ನಮ್ಮ ಬಣ್ಣ. ಇಲ್ಲಿನ ಶಾಲೆಯಲ್ಲಿ ಅವಳನ್ನು ಮದರಾಸಿ ಎಂದು ಕರೆದು, ಅವಳ ಬಣ್ಣವನ್ನೂ ಸೇರಿಸಿ ಹಾಸ್ಯ ಮಾಡುವವರಿದ್ದಾರೆ. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸಿದ ಯಾವ ತಾಯಿತಂದೆಗೂ ಇದು ಹೊಸ ಸುದ್ದಿಯಲ್ಲ. ಮನೆಗೆ ಬಂದರೆ ಊರಿನಿಂದ ಬಂದ ದೊಡ್ಡಮ್ಮ ಬಿಸಿಲಿನಲ್ಲಿ ಆಡಬೇಡವೆನ್ನುತ್ತಾರೆ. ನಮ್ಮ ಸಂಘಗಳ ಪತ್ರಿಕೆಗಳ ವಧೂವರರ ಅಂಕಣವನ್ನು ತೆರೆದರೆ ಅಲ್ಲಿ ‘ಗೌರವರ್ಣದ ವಧು ಬೇಕು’. ಇಷ್ಟು ದಿಕ್ಕಿನಿಂದ ಬೀಳುವ ಏಟು ಸಾಲದೆಂದು ಅವಳ ಸ್ವಂತ ತಾಯಿಯ ಡಬ್ಬಿಯೂ ಅವಳಿಗೆ ಅದನ್ನೇ ಹೇಳಬೇಕೆ? ಬೇರೆಯವರ ಬಾಯಿ ಮುಚ್ಚಿಸುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಡಬ್ಬಿಯ ಬಾಯಿ ಮುಚ್ಚಿಸುವುದು ನಮ್ಮ ಕೈಯಲ್ಲಿದೆ. ಕಪ್ಪು ಮೈಬಣ್ಣದಿಂದಲೇ ದ್ರೌಪದಿಗೆ ಕೃಷ್ಣೆಯೆಂಬ ಹೆಸರು ಬಂತೆಂದು ಹರಿಕಥೆಯಲ್ಲಿ ಕೇಳಿ ತಲೆದೂಗುವ ನಾವು ಡಬ್ಬಿಯ ಮೇಲೆ ಮಾತ್ರ ಅವಳನ್ನು ಬರೆಯಲು ಹಿಂಜರಿಯುತ್ತೇವೆ.

ಮುಖವಿಲ್ಲದೆ ಸೌಂದರ್ಯದ ಸರಕು ಮಾರಲು ಸಾಧ್ಯವೇ ಎನ್ನುವವರಿಗೆ ದೂರದ ಉದಾಹರಣೆ ಬೇಕಿಲ್ಲ. ನಮ್ಮ ನಮ್ಮ ಬಚ್ಚಲುಮನೆಗೇ ಹೋಗಿ ನೋಡಬಹುದು. ಮೊದಲ ಮಹಾಯುದ್ಧದ ಕಾಲದಲ್ಲಿ ಗಂಧದ ಮರ ಯೂರೋಪಿಗೆ ಸಾಗದೆ ಮೈಸೂರು ಸಂಸ್ಥಾನದಲ್ಲಿ ರಾಶಿ ಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಅದರ ಎಣ್ಣೆಯನ್ನು ನಾಡಿನಲ್ಲೇ ತೆಗೆಯಲು ನಿಶ್ಚಯಿಸಿತು. ಅದರ ಬೆನ್ನಿಗೇ ಬಂದದ್ದು ಮೈಸೂರು ಸ್ಯಾಂಡಲ್ ಸಾಬೂನು. ಅದನ್ನು ರೂಪಿಸಿದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಆ ಸಾಬೂನಿನ ಗುರುತು ಯಾವ ಸುಂದರಿಯೂ ಅಲ್ಲ, ಶರಭ! ಸಿಂಹದ ಮೈ, ಆನೆಯ ತಲೆ. ಸ್ನಾನದ ಸಾಬೂನಿಗೂ ಆನೆತಲೆಯ ಸಿಂಹಕ್ಕೂ ಏನು ಸಂಬಂಧವೆಂದು ಯಾವ ಗೃಹಿಣಿಯೂ ಕೇಳಲಿಲ್ಲ. ಶಕ್ತಿ, ವಿವೇಕ ಎರಡೂ ಸೇರಿದ ಪ್ರಾಣಿ ಎಂದು ಒಪ್ಪಿಕೊಂಡರು. ಆಭರಣದ ಪೆಟ್ಟಿಗೆಯಂಥ ಆ ಡಬ್ಬಿಯನ್ನು ತೆರೆದಾಗ ಬರುವ ಪರಿಮಳವೇ ಅದರ ಜಾಹೀರಾತು. ಶರಭ ಯಾರಿಗೂ “ನನ್ನಂತಾಗುವಿರಿ” ಎಂದು ಹೇಳಲಿಲ್ಲ. ನೂರು ವರ್ಷ ದಾಟಿದರೂ ಅದಕ್ಕೆ ಮುಪ್ಪು ಬಂದಿಲ್ಲ.

2025ರ ಮೇ ತಿಂಗಳಲ್ಲಿ ಇದೇ ಸಾಬೂನಿಗೆ ಚಿತ್ರನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷದ ಅವಧಿಗೆ 6.20 ಕೋಟಿ ರೂಪಾಯಿ ಕೊಟ್ಟು ರಾಯಭಾರಿಯಾಗಿ ನೇಮಿಸಿದಾಗ ಕರ್ನಾಟಕದಲ್ಲಿ ಎದ್ದ ಗದ್ದಲ ಓದುಗರಿಗೆ ನೆನಪಿರಬಹುದು. ಕನ್ನಡದ ನಟಿಯನ್ನು ಬಿಟ್ಟು ಹೊರಗಿನವರನ್ನು ಏಕೆ ತಂದಿರಿ ಎಂಬುದು ಗದ್ದಲದ ಸಾರಾಂಶ. ಕರ್ನಾಟಕದ ಹೊರಗಿನ ಮಾರುಕಟ್ಟೆಯನ್ನು ಗೆಲ್ಲಲು ಎಂಬುದು ಸರ್ಕಾರದ ಉತ್ತರ. ಎರಡು ಕಡೆಯವರೂ ತಪ್ಪು ಪ್ರಶ್ನೆಯ ಮೇಲೆ ಜಗಳವಾಡಿದರೆಂದು ನನ್ನ ಅಭಿಪ್ರಾಯ. ಹೊರನಾಡಿನಲ್ಲಿ ಅನ್ನ ಹುಟ್ಟಿಸಿಕೊಂಡಿರುವ ನಾವು “ಹೊರಗಿನವಳು” ಎಂಬ ಕೂಗಿಗೆ ದನಿಗೂಡಿಸುವ ಮೊದಲು ಒಂದು ಕ್ಷಣ ಕನ್ನಡಿ ನೋಡಿಕೊಳ್ಳಬೇಕು. ಈ ಊರಿನಲ್ಲಿ ಆ ಕೂಗು ನಮ್ಮ ಮೇಲೆಯೇ ಬಿದ್ದದ್ದುಂಟು. ಹಾಗೆಯೇ ‘ಹೊರಗಿನ ಮಾರುಕಟ್ಟೆ’ ಎಂದರೆ ಯಾರು? ನಾವೂ ಅದರಲ್ಲಿಲ್ಲವೇ? ಊರಿನಿಂದ ಬರುವಾಗ ಚೀಲದ ತಳದಲ್ಲಿ ಆ ಸಾಬೂನನ್ನು ಹೊತ್ತು ತಂದು ನೆರೆಮನೆಯ ಮರಾಠಿ ಬಾಯಿಗೆ ಒಂದು ಕೊಟ್ಟು ರೂಢಿ ಮಾಡಿಸಿದವರು ನಾವು. ಅದಕ್ಕಾಗಿ ನಮಗೆ ಯಾವ ತಾರೆಯೂ ಬೇಕಾಗಿರಲಿಲ್ಲ. ಕೇಳಬೇಕಾಗಿದ್ದ ಪ್ರಶ್ನೆ, ಆ ನಟಿ ಕನ್ನಡದವರೇ ಅಲ್ಲವೇ ಎಂಬುದಲ್ಲ; ಶರಭ ಇರುವಾಗ ಮುಖ ಏಕೆ ಬೇಕಾಯಿತು ಎಂಬುದು. ಸರ್ಕಾರದ ಕಾರ್ಖಾನೆಗೆ ತನ್ನ ಮನೆಯ ಸಂಪತ್ತು ಮರೆತುಹೋದರೂ ನಮ್ಮ ಅಕ್ಕಂದಿರಿಗೆ ಮರೆಯದಿರಲಿ.

ಹಾಗಾದರೆ ಏನನ್ನು ಬರೆಯಿಸಬೇಕು? ಬರಿದೆ ಬೇಡವೆಂದು ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ನನ್ನ ಮೊದಲ ಸೂಚನೆ: ಹಚ್ಚಿಕೊಳ್ಳುವವಳನ್ನು ಬಿಟ್ಟು ಮಾಡುವವಳನ್ನು ಬರೆಯಿಸಿ. ಒರಳಿನ ಮುಂದೆ ಕೂತು ಸೀಗೆ ಕುಟ್ಟುವ ಅಜ್ಜಿ, ಕನ್ನಡಕ ಮೂಗಿನ ತುದಿಗೆ ಜಾರಿದೆ, ಬಾಯಲ್ಲಿ ಎಲೆಯಡಿಕೆ. ಅವಳ ಮೈಬಣ್ಣ ನಮ್ಮಜ್ಜಿಯ ಮೈಬಣ್ಣ. ಅವಳನ್ನು ನೋಡಿದರೆ ಕೊಳ್ಳುವವಳು “ನಾನು ಹೀಗಾಗುತ್ತೇನೆ” ಎಂದು ಭಾವಿಸುವುದಿಲ್ಲ, “ಇವಳಿಗೆ ಕೆಲಸ ಗೊತ್ತು” ಎಂದು ಭಾವಿಸುತ್ತಾಳೆ. ಗುರುತುಗೊಂಬೆ ಹುಟ್ಟಿಸಬೇಕಾದ ಭಾವ ಅದೇ. ಮುಖವೇ ಬೇಡವೆಂದರೆ ಸರಕನ್ನೇ ಬರೆಯಿಸಿ: ಕೈಕಾಲು ಮೂಡಿದ ಸೀಗೆಕಾಯಿ, ನಾಲಗೆ ಚಾಚಿದ ದಾಸವಾಳ.

ಅಥವಾ ಪ್ರಾಣಿಪಕ್ಷಿಗಳ ಕಡೆ ತಿರುಗಿ. ಸಾಬೂನಿಗೆ ಎಮ್ಮೆಯಾಗಲಿ ಎಂದರೆ ನೀವು ನಗಬಹುದು. ಆದರೆ ಸುಡುಬಿಸಿಲಿನಲ್ಲಿ ಕೆರೆಗಿಳಿದ ಎಮ್ಮೆಯಷ್ಟು ಸುಖವಾಗಿ ಸ್ನಾನ ಮಾಡುವ ಜೀವ ಇನ್ನೊಂದುಂಟೇ? ನೀರಿನಿಂದ ಎದ್ದು ಬಂದಾಗ ಆ ಕಪ್ಪು ಮೈ ಹೊಳೆಯುವ ಚೆಂದವನ್ನು ಊರಿನಲ್ಲಿ ನೋಡಿಲ್ಲವೇ? ಕಾಡಿಗೆಯ ಡಬ್ಬಿಗೆ ಕಾಗೆ. ಅಪಶಕುನವೆಂದು ಮೂಗು ಮುರಿಯಬೇಡಿ. ಪಿತೃಪಕ್ಷದಲ್ಲಿ ಎಡೆಯಿಟ್ಟು “ಕಾ ಕಾ” ಎಂದು ಕರೆದು ಕಾಯುವವರೂ ನಾವೇ. ಗಟ್ಟುವನ್ನು ಬರೆದ ಲಕ್ಷ್ಮಣ್ ಅವರಿಗೆ ಬಾಲ್ಯದಿಂದ ಕೊನೆಯವರೆಗೂ ಅಚ್ಚುಮೆಚ್ಚಿನ ವಿಷಯ ಕಾಗೆಯೇ ಆಗಿತ್ತು. ಎಷ್ಟು ಭಂಗಿಗಳಲ್ಲಿ ಬರೆದರೂ ಅವರಿಗೆ ತೃಪ್ತಿಯಿರಲಿಲ್ಲ. ಕುತ್ತಿಗೆ ವಾಲಿಸಿ ಒಂದು ಕಣ್ಣಿನಿಂದ ನೋಡುವ ಕಾಗೆಯ ಚುರುಕು ಯಾವ ಗಿಣಿಗಿದೆ? ಕಪ್ಪನ್ನೇ ಮಾರುವ ಡಬ್ಬಿಯ ಮೇಲೆ ಬಿಳಿ ಹುಡುಗಿ ಕೂತಿರುವುದು ಹಾಸ್ಯಾಸ್ಪದ. ಕಾಗೆ ಕೂತರೆ ಅರ್ಥವಿದೆ.

ಏನನ್ನೇ ಬರೆಯಿಸಿ, ಕಲಾವಿದನ ಮುಂದೆ ಇಡಬೇಕಾದ ಬೇಡಿಕೆಗಳು ಕೆಲವಿವೆ. ಅಚ್ಚುಕೂಟದ ಅನುಭವದಿಂದ ಹೇಳುತ್ತೇನೆ. ಅಮುಲ್ ಹುಡುಗಿಯನ್ನು ಸರಳವಾಗಿ ರೂಪಿಸಿದ್ದಕ್ಕೆ ಒಂದು ಕಾರಣ, ಆಗ ರಸ್ತೆಯ ಫಲಕಗಳನ್ನು ಕೈಯಿಂದಲೇ ಬರೆದು ಮತ್ತೆ ಮತ್ತೆ ಬದಲಾಯಿಸಬೇಕಾಗಿದ್ದುದು. ಯಾವ ಪೇಂಟರ್ ಬರೆದರೂ ಅವಳು ಅವಳೇ ಆಗಿರಬೇಕಿತ್ತು. ನಿಮ್ಮ ಗೊಂಬೆಗೂ ಅದೇ ಪರೀಕ್ಷೆ. ಹೆಬ್ಬೆರಳ ಉಗುರಿನಷ್ಟು ಸಣ್ಣದು ಮಾಡಿದಾಗ ಗುರುತು ಸಿಗಬೇಕು. ಕಾಡಿಗೆಯ ಡಬ್ಬಿಯ ಮುಚ್ಚಳ ಅದಕ್ಕಿಂತ ಬಹಳ ದೊಡ್ಡದಿರುವುದಿಲ್ಲ. ಬಣ್ಣ ತೆಗೆದು ಬರಿಯ ಕಪ್ಪಿನಲ್ಲಿ ಅಚ್ಚು ಹಾಕಿದಾಗಲೂ ನಿಲ್ಲಬೇಕು. ಸಾಬೂನಿನ ಮೇಲೆ ಅಚ್ಚೊತ್ತುವುದಿದ್ದರೆ ಕೂದಲೆಳೆಯಂಥ ಗೆರೆಗಳು ಎರಡು ಸಲ ಕೈ ತೊಳೆಯುವುದರೊಳಗೆ ಮಾಯವಾಗುತ್ತವೆ. ಗೆರೆ ದಪ್ಪವಿರಲಿ, ಕಡಿಮೆಯಿರಲಿ. ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಹೇಗೆ ಕಾಣುತ್ತದೆ, ನಕ್ಕರೆ ಹೇಗೆ, ಸಿಟ್ಟಾದರೆ ಹೇಗೆ ಎಂದು ಒಂದೇ ಹಾಳೆಯಲ್ಲಿ ಬರೆಯಿಸಿಕೊಳ್ಳಿ. ಮುಂದೆ ಬೇರೆಯವರು ಬರೆದಾಗಲೂ ಅಜ್ಜಿ ಇನ್ನೊಬ್ಬರ ಅಜ್ಜಿಯಾಗದಿರಲು ಆ ಹಾಳೆಯೇ ಆಧಾರ.

ಹೆಸರಿಡುವಾಗಲೂ ನಾವು ಹೊರನಾಡಿನಲ್ಲಿದ್ದೇವೆ ಎಂಬುದು ನೆನಪಿರಲಿ. ತುಪ್ಪ ಬೆರೆಸಿದ ಕಾಡಿಗೆಗೆ ಪ್ರೀತಿಯಿಂದ ತುಪ್ಪಮ್ಮ ಎಂದು ಹೆಸರಿಟ್ಟು ಚೆನ್ನೈಗೆ ಕಳಿಸಿದರೆ, ಅಲ್ಲಿನವರ ಕಿವಿಗೆ ಅದು ಉಗುಳುವ ಮಾತಿನಂತೆ ಕೇಳೀತು. ನೆರೆಮನೆಯ ಮರಾಠಿ, ತಮಿಳು, ತೆಲುಗು ಬಲ್ಲವರನ್ನು ಒಂದು ಮಾತು ಕೇಳಿ ಹೆಸರಿಟ್ಟರೆ ನಷ್ಟವಿಲ್ಲ. ಹಾಗೆಯೇ ನಿಮ್ಮ ಮಗುವಿನ ಮುಖವನ್ನೇ ಗೊಂಬೆ ಮಾಡುವ ಆಸೆಯನ್ನು ಬಿಡಿ. ಗೊಂಬೆ ಬೆಳೆಯುವುದಿಲ್ಲ, ಮಗು ಬೆಳೆಯುತ್ತದೆ. ಇಪ್ಪತ್ತು ವರ್ಷದವಳಾದಾಗ ತನ್ನ ಬಾಲ್ಯದ ಕೆನ್ನೆ ಊರವರ ಬಚ್ಚಲಿನಲ್ಲಿ ನೆನೆಯುತ್ತಿರುವುದು ಅವಳಿಗೆ ಇಷ್ಟವೋ ಅಲ್ಲವೋ, ಇಂದು ಯಾರು ಕೇಳಿದ್ದಾರೆ?

ಈಗ ಕೆಲವರು ಇದೆಲ್ಲ ತಾಪತ್ರಯವೇ ಬೇಡವೆಂದು, ಮೊಬೈಲಿನಲ್ಲಿ ನಾಲ್ಕು ಮಾತು ಬರೆದು ಕೃತಕ ಬುದ್ಧಿಯ ಯಂತ್ರದಿಂದ ಚಿತ್ರ ತೆಗೆಸಿಕೊಳ್ಳುತ್ತಾರೆ. ನಾನು ನೋಡಿದ ಇಂಥ ಚಿತ್ರಗಳಲ್ಲಿ ಬಹುಪಾಲು ಅದೇ ಬಿಳಿ ಹುಡುಗಿಯವು. ಜಗತ್ತಿನ ಜಾಹೀರಾತುಗಳನ್ನೆಲ್ಲ ಉಂಡು ಬೆಳೆದ ಯಂತ್ರ ಬೇರೆ ಯಾವ ತೇಗು ತೇಗೀತು? ನಿಮಗೆ ಕೊಟ್ಟಂಥದೇ ಮುಖವನ್ನು ನಾಳೆ ಅದು ಇನ್ನೊಬ್ಬಳಿಗೂ ಕೊಡಬಹುದು. ಕೈಯಿಂದ ಮಾಡಿದ ಸರಕೆಂದು ಹೆಚ್ಚು ಬೆಲೆ ಕೇಳುವವರು ಡಬ್ಬಿಯ ಚಿತ್ರಕ್ಕೆ ಮಾತ್ರ ಕೈ ಬೇಡವೆಂದರೆ ಅದು ಯಾವ ನ್ಯಾಯ? ನಮ್ಮ ಸಂಘಗಳಲ್ಲೇ ಚಿತ್ರಕಲೆ ಕಲಿಯುತ್ತಿರುವ ಹುಡುಗ ಹುಡುಗಿಯರಿದ್ದಾರೆ. ಅವರಿಂದ ಬರೆಯಿಸಿ. “ನಮ್ಮವನೇ ಅಲ್ಲವೇ” ಎಂದು ಒಂದು ಲೋಟ ಕಾಫಿಯಲ್ಲಿ ಮುಗಿಸದೆ ದುಡ್ಡು ಕೊಟ್ಟು ಬರೆಯಿಸಿ.

ಕೊಟ್ಟದ್ದನ್ನು ಕಾಗದದ ಮೇಲೂ ಬರೆಯಿರಿ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಿತ್ರದ ಹಕ್ಕನ್ನು ಒಬ್ಬರಿಂದ ಒಬ್ಬರಿಗೆ ವರ್ಗ ಮಾಡುವುದು ಬರಹದಲ್ಲೇ ಆಗಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಅದು ಐದು ವರ್ಷಕ್ಕೆ ಮಾತ್ರವೆಂದು ಕಾನೂನು ಭಾವಿಸುತ್ತದೆ. ಎಷ್ಟು ದೂರಕ್ಕೆ ಎಂದು ಬರೆಯದಿದ್ದರೆ ಭಾರತದೊಳಗೆ ಮಾತ್ರ. ನಂಟಸ್ತನ ಕೆಟ್ಟಮೇಲೆ ಗೊಂಬೆ ಯಾರದೆಂದು ಜಗಳವಾಡುವ ಬದಲು ಮೊದಲೇ ಒಂದು ಪುಟ ಬರೆದಿಟ್ಟುಕೊಳ್ಳುವುದು ಇಬ್ಬರಿಗೂ ಗೌರವ. ಗೊಂಬೆಯನ್ನು ವ್ಯಾಪಾರಚಿಹ್ನೆಯಾಗಿ ನೋಂದಾಯಿಸುವುದು 1999ರ ಕಾಯಿದೆಯಂತೆ ನಡೆಯುತ್ತದೆ. ಸೌಂದರ್ಯದ ಸರಕುಗಳು ಅದರ ಮೂರನೆಯ ವರ್ಗಕ್ಕೆ ಸೇರುತ್ತವೆ. ಒಬ್ಬ ವ್ಯಕ್ತಿಯ ಅಥವಾ ಸಣ್ಣ ಉದ್ಯಮದ ಹೆಸರಿನಲ್ಲಿ ಗಣಕದ ಮೂಲಕ ಅರ್ಜಿ ಹಾಕಿದರೆ ಶುಲ್ಕ 4,500 ರೂಪಾಯಿ. ನೋಂದಣಿ ಹತ್ತು ವರ್ಷ ಬಾಳುತ್ತದೆ, ಮತ್ತೆ ಮುಂದುವರಿಸಬಹುದು. ಆದರೆ ಒಬ್ಬರದನ್ನು ಒಬ್ಬರು ಹೋಲುವ ಬಿಳಿ ಹುಡುಗಿಯರಲ್ಲಿ ನಿಮ್ಮವಳು ಯಾರೆಂದು ಸಾಧಿಸುವುದು ಕಷ್ಟ. ಒಂಟಿಕಣ್ಣಿನಿಂದ ನೋಡುವ ಕಾಗೆಯನ್ನು ಕದ್ದವನು ಸುಲಭವಾಗಿ ಸಿಕ್ಕಿಬೀಳುತ್ತಾನೆ.

ಚಿತ್ರದ ಸಂಭ್ರಮದಲ್ಲಿ ಅದಕ್ಕಿಂತ ಮುಖ್ಯವಾದುದನ್ನು ಮರೆಯಬಾರದು. ಮಾರಾಟಕ್ಕೆಂದು ಸೌಂದರ್ಯವರ್ಧಕ ತಯಾರಿಸಲು, ಅದು ಅಡಿಗೆಮನೆಯಲ್ಲೇ ಆಗಲಿ, 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆ ಮತ್ತು 2020ರ ನಿಯಮಗಳ ಪ್ರಕಾರ ರಾಜ್ಯದ ಪರವಾನಗಿ ಬೇಕು. ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ಒಳಗಿರುವ ಪದಾರ್ಥಗಳು, ಬ್ಯಾಚ್ ಸಂಖ್ಯೆ, ಯಾವಾಗಿನವರೆಗೆ ಬಳಸಬಹುದು ಎಂಬುದು ಇರಬೇಕು. ಮುದ್ದಾದ ಗೊಂಬೆಗೆ ಜಾಗ ಮಾಡಲು ಈ ಸಾಲುಗಳನ್ನು ಇರುವೆಯಕ್ಷರಕ್ಕೆ ಇಳಿಸುವುದು ನಂಬಿಕೆದ್ರೋಹ. ಸುಳ್ಳು ಅಥವಾ ದಾರಿತಪ್ಪಿಸುವ ಹೇಳಿಕೆಯುಳ್ಳ ಡಬ್ಬಿಯನ್ನು ಆ ಕಾಯಿದೆ ತಪ್ಪು ಗುರುತಿನ ಸರಕೆಂದು ಎಣಿಸುತ್ತದೆ. ಬಿಳಿ ಹುಡುಗಿಯ ಚಿತ್ರ ಹೇಳಿಕೆಯೇ ಅಲ್ಲವೇ ಎಂದು ವಕೀಲರು ವಾದಿಸಲಿ. ನಮ್ಮ ಅಂತರಂಗಕ್ಕೆ ಉತ್ತರ ಗೊತ್ತಿದೆ.

ಕೊನೆಯದಾಗಿ ನಮ್ಮ ಸಂಘಗಳ ಕಾರ್ಯಕಾರಿ ಸಮಿತಿಗಳಿಗೆ ಒಂದು ವಿನಂತಿ. ಗಟ್ಟುವಿಗೆ ಹೆಸರಿಡಲು 500 ರೂಪಾಯಿ ಬಹುಮಾನವಿಟ್ಟು ಸಾರ್ವಜನಿಕ ಸ್ಪರ್ಧೆ ನಡೆಸಿದ್ದರು. ಆ ಹೆಸರು ಬಂದದ್ದು ಓದುಗರಂಥ ಜನರಿಂದ. ಮುಂದಿನ ರಾಜ್ಯೋತ್ಸವಕ್ಕೆ ಮಕ್ಕಳಿಗೆ ಕೆಂಪುಕೋಟೆ, ಸೂರ್ಯೋದಯಗಳ ಚಿತ್ರಸ್ಪರ್ಧೆ ಸಾಕು; ನಮ್ಮ ಅಕ್ಕಂದಿರ ಎಣ್ಣೆಗೆ, ಕಾಡಿಗೆಗೆ, ಸಾಬೂನಿಗೆ ಗುರುತುಗೊಂಬೆ ಬರೆಯುವ ಸ್ಪರ್ಧೆಯಿಡಿ. ಒಂದೇ ಷರತ್ತು ಹಾಕಿ: ಬಿಳಿ ಹುಡುಗಿ ಬರಕೂಡದು. ಬಣ್ಣದ ಪೆಟ್ಟಿಗೆಯಲ್ಲಿ ಮೈಬಣ್ಣವೆಂದು ಹೆಸರು ಹೊತ್ತಿರುವ ಆ ಗುಲಾಬಿ ಕಡ್ಡಿಯನ್ನು ಪಕ್ಕಕ್ಕಿಟ್ಟು, ಮಕ್ಕಳು ತಮ್ಮ ಕೈಯನ್ನೇ ಕಾಗದದ ಪಕ್ಕ ಇಟ್ಟುಕೊಂಡು ಬಣ್ಣ ಹುಡುಕಲಿ. ಗೆದ್ದ ಚಿತ್ರಕ್ಕೆ ಸಂಭಾವನೆ ಕೊಡಿ, ಪತ್ರ ಬರೆದುಕೊಡಿ, ಡಬ್ಬಿಯ ಮೇಲೆ ಅಚ್ಚುಹಾಕಿಸಿ. ಆ ಡಬ್ಬಿಯನ್ನು ಮಾರುವ ಹುಡುಗಿ ಅದನ್ನು ನೋಡಿ ತನ್ನ ಮುಖವನ್ನು ಉಜ್ಜಿಕೊಳ್ಳದೆ ತಲೆಯೆತ್ತಿ ಬೆಲೆ ಹೇಳಿದರೆ, ನಮ್ಮ ವ್ಯಾಪಾರಕ್ಕೆ ಅದಕ್ಕಿಂತ ದೊಡ್ಡ ಲಾಭ ಬೇರೆ ಬೇಕಿಲ್ಲ.